ಆಂಬುಲೆನ್ಸ್ ಬರುವವರೆಗೆ: ಪ್ರಥಮ ಚಿಕಿತ್ಸೆಯನ್ನು ಕೈಗೆ ಕಲಿಸುವ ಪಾಠ

ಕಳೆದ ಮಳೆಗಾಲದಲ್ಲಿ ಲಿಂಗದಹಳ್ಳಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ನನ್ನ ವಿಷಯ ವಿಜ್ಞಾನ. ಆ ದಿನ ಹತ್ತನೇ ತರಗತಿಗೆ ‘ಜೀವಕ್ರಿಯೆಗಳು’ ಅಧ್ಯಾಯದಲ್ಲಿ ರಕ್ತ ಪರಿಚಲನೆಯ ಪಾಠವಿತ್ತು. ಹಿಂದಿನ ರಾತ್ರಿ ಕುಳಿತು ಹೃದಯದ ನಾಲ್ಕು ಕೋಣೆಗಳ ಚಾರ್ಟ್ ಬರೆದಿದ್ದೆ. ಗಾಯವಾದಾಗ ಕಿರುತಟ್ಟೆಗಳು ರಕ್ತವನ್ನು ಹೆಪ್ಪುಗಟ್ಟಿಸಿ ಸೋರಿಕೆ ತಡೆಯುತ್ತವೆ ಎಂಬ ವಾಕ್ಯಕ್ಕೆ ಪಾಠಯೋಜನೆಯಲ್ಲಿ ಕೆಂಪು ಶಾಯಿಯಿಂದ ಅಡಿಗೆರೆ ಹಾಕಿದ್ದೆ.

ತರೀಕೆರೆಯಿಂದ ಬಂದ ಬಸ್ಸಿಳಿದು ಶಾಲೆಯ ಕಡೆ ನಡೆಯುತ್ತಿದ್ದಾಗ ತಿರುವಿನಲ್ಲಿ ಒಂದು ಬೈಕ್ ಜಾರಿ ಬಿತ್ತು. ತೋಟದ ಕೆಲಸಕ್ಕೆ ಹೊರಟಿದ್ದವರು. ಬೇಲಿಯ ಕಬ್ಬಿಣದ ಪಟ್ಟಿ ಮೊಣಕಾಲಿನ ಕೆಳಗೆ ಸೀಳಿತ್ತು. ಮಳೆನೀರಿನ ಜೊತೆ ರಕ್ತ ರಸ್ತೆಯಂಚಿಗೆ ಹರಿಯತೊಡಗಿತು. ಹತ್ತು ಹದಿನೈದು ಜನ ಸೇರಿದೆವು. ‘ಸೇರಿದರು’ ಎಂದು ಬರೆಯಲಾರೆ, ಏಕೆಂದರೆ ಆ ಗುಂಪಿನಲ್ಲಿ ನಾನೂ ಒಬ್ಬಳು. ಒಬ್ಬರು ನೀರು ಕುಡಿಸಿ ಎಂದರು. ಇನ್ನೊಬ್ಬರು ಗಾಯಕ್ಕೆ ಹಾಕಲು ಕಾಫಿಪುಡಿ ತರಲು ಓಡಿದರು. ಇಬ್ಬರು ಮೊಬೈಲ್ ಎತ್ತಿ ಹಿಡಿದರು. “ಪೊಲೀಸ್ ಕೇಸ್ ಆಗುತ್ತೆ, ಮುಟ್ಬೇಡಿ” ಎಂದು ಹಿರಿಯರೊಬ್ಬರು ಹೇಳಿದರು. ನಾನು ಚಾರ್ಟ್ ನೆನೆಯದ ಹಾಗೆ ಎದೆಗವಚಿಕೊಂಡು ನಿಂತಿದ್ದೆ.

ಆಗ ಬಸ್ ನಿಲ್ದಾಣದ ಕಡೆಯಿಂದ ಒಬ್ಬ ಆಶಾ ಕಾರ್ಯಕರ್ತೆ ಬಂದರು. ಬಿದ್ದವರ ಹೆಗಲ ಮೇಲಿದ್ದ ಟವೆಲ್ಲನ್ನೇ ಮಡಚಿ ಗಾಯದ ಮೇಲಿಟ್ಟು ಒತ್ತಿದರು. ಮೊಬೈಲ್ ಹಿಡಿದಿದ್ದ ಒಬ್ಬನನ್ನು ಬೆರಳಿಟ್ಟು ತೋರಿಸಿ, “ನೀನು 108ಕ್ಕೆ ಫೋನ್ ಮಾಡು, ಮಾತಾಡಿ ನಂಗೆ ಹೇಳು” ಎಂದರು. ಆಮೇಲೆ ನನ್ನ ಕಡೆ ತಿರುಗಿದರು: “ಮೇಡಂ, ಬ್ಯಾಗ್ ಕೆಳಗಿಡಿ. ಇಲ್ಲಿ ಒತ್ತಿ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಕೈ ತೆಗೀಬೇಡಿ.”

ನಾನು ಒತ್ತಿ ಹಿಡಿದೆ. ಆಂಬುಲೆನ್ಸ್ ಬರಲು ಸುಮಾರು ಇಪ್ಪತ್ತು ನಿಮಿಷವಾಯಿತು. ಆ ಮಳೆಗೆ, ಆ ರಸ್ತೆಗೆ ಅದು ತಡವೇನೂ ಅಲ್ಲ. ಅಷ್ಟರಲ್ಲಿ ರಕ್ತ ಬಹುಮಟ್ಟಿಗೆ ನಿಂತಿತ್ತು. ಮೂರು ವಾರದ ಮೇಲೆ ಅವರು ಕೋಲೂರಿಕೊಂಡು ಬಸ್ಸಿಗೆ ಕಾಯುತ್ತಿದ್ದುದನ್ನು ಕಂಡೆ. ಅವರು ನನ್ನನ್ನು ಗುರುತಿಸಲಿಲ್ಲ.

ಆ ದಿನ ಕೈ ತೊಳೆದುಕೊಂಡು ಹೋಗಿ ಪಾಠವನ್ನೂ ಮಾಡಿದೆ. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ‘ವಿಷಯ ಜ್ಞಾನ ಉತ್ತಮ’ ಎಂದು ಬರೆದರು. ಅದನ್ನು ಓದಿದಾಗ ನಾಚಿಕೆಯಾಯಿತು. ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದು ನನಗೆ ಗೊತ್ತಿತ್ತು. ಅದು ಹೆಪ್ಪುಗಟ್ಟಲು ಬೇಕಾದ ಸಮಯವನ್ನು ಒಂದು ಕೈ ಒತ್ತಿ ಹಿಡಿದು ಕೊಡಬೇಕು ಎಂಬುದು ಗೊತ್ತಿರಲಿಲ್ಲ. ಕೆಲವು ದಿನದ ನಂತರ ಆ ಆಶಾ ಕಾರ್ಯಕರ್ತೆಯನ್ನು ಕೇಳಿದೆ: “ನಿಮಗೆ ಗಾಬರಿ ಆಗಲಿಲ್ವಾ?” “ಆಯ್ತು ಮೇಡಂ. ಆದ್ರೆ ನಮಗೆ ಟ್ರೈನಿಂಗಲ್ಲಿ ಒಂದ್ಸಲ ಮಾಡ್ಸಿದ್ರು” ಎಂದರು.

‘ಹೇಳಿದ್ರು’ ಎನ್ನಲಿಲ್ಲ, ‘ಮಾಡ್ಸಿದ್ರು’ ಎಂದರು. ಈ ಲೇಖನವಿಡೀ ಆ ಒಂದು ಮಾತಿನ ವಿವರಣೆ.

ಮೊದಲ ನಿಮಿಷಗಳ ಲೆಕ್ಕ

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಅದರಿಂದ ಉಳಿದ ಜೀವಗಳು ಎಷ್ಟೋ. ಆದರೆ ಎಷ್ಟೇ ಚುರುಕಾದ ವಾಹನವಾದರೂ ಅದಕ್ಕೆ ದಾರಿ ಕ್ರಮಿಸಲು ಸಮಯ ಬೇಕು. ದೇಹ ಅಷ್ಟು ಕಾಯುವುದಿಲ್ಲ.

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ದೊಡ್ಡ ರಕ್ತನಾಳ ಹರಿದರೆ ಪ್ರಾಣಾಪಾಯಕ್ಕೆ ಕೆಲವೇ ನಿಮಿಷ ಸಾಕು. ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲಿ ಮಿದುಳಿನ ಕೋಶಗಳು ಆಮ್ಲಜನಕವಿಲ್ಲದೆ ಹಾಳಾಗತೊಡಗುತ್ತವೆ. ಯಾರೂ ಎದೆ ಒತ್ತದಿದ್ದರೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಈ ನಿಮಿಷಗಳಲ್ಲಿ ಅಲ್ಲಿ ವೈದ್ಯರು ಇರುವುದಿಲ್ಲ. ಪಕ್ಕದ ಮನೆಯವರು, ಬಸ್ಸಿಗೆ ಕಾಯುವವರು, ಶಾಲಾ ಮಕ್ಕಳು ಇರುತ್ತಾರೆ.

ಅವರಿಗೆ ಕಲಿಸಿದರೆ ವ್ಯತ್ಯಾಸವಾಗುತ್ತದೆಯೇ? ಡೆನ್ಮಾರ್ಕಿನ ಉದಾಹರಣೆ ನೋಡಬಹುದು. ಅಲ್ಲಿ 2005ರಲ್ಲಿ ಸಿ.ಪಿ.ಆರ್. ತರಬೇತಿಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದರು. ಆಸ್ಪತ್ರೆಯ ಹೊರಗೆ ಹೃದಯ ಸ್ತಂಭಿಸಿದವರಿಗೆ ಪಕ್ಕದಲ್ಲಿದ್ದವರೇ ಸಿ.ಪಿ.ಆರ್. ಮಾಡಿದ ಪ್ರಮಾಣ 2001ರಲ್ಲಿ ಶೇ. 21ರಷ್ಟಿತ್ತು. 2010ರ ಹೊತ್ತಿಗೆ ಅದು ಶೇ. 45ರ ಹತ್ತಿರ ಬಂತು. ಅದೇ ಅವಧಿಯಲ್ಲಿ 30 ದಿನ ದಾಟಿ ಬದುಕಿದವರ ಪ್ರಮಾಣ ಶೇ. 3.5ರಿಂದ ಶೇ. 10.8ಕ್ಕೆ ಏರಿತು. ಶಾಲೆಯೊಂದೇ ಇದಕ್ಕೆ ಕಾರಣವಲ್ಲ. ಆಂಬುಲೆನ್ಸ್, ಆಸ್ಪತ್ರೆ ಎಲ್ಲವೂ ಸುಧಾರಿಸಿದ್ದವು. ಆದರೂ ಮೊದಲ ಕೊಂಡಿ ಜನರ ಕೈಯೇ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಕಿಡ್ಸ್ ಸೇವ್ ಲೈವ್ಸ್’ ಎಂಬ ಹೇಳಿಕೆಯನ್ನು ಅನುಮೋದಿಸಿತು. 12 ವರ್ಷದಿಂದ ಮೇಲ್ಪಟ್ಟ ಶಾಲಾ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಸಿ.ಪಿ.ಆರ್. ಕಲಿಸಬೇಕು ಎಂಬುದು ಅದರ ಸಾರ. ವರ್ಷಕ್ಕೆ ಎರಡು ಗಂಟೆಯೆಂದರೆ ನಮ್ಮ ಲೆಕ್ಕದಲ್ಲಿ ಮೂರು ಅವಧಿಗಳು, ಅಷ್ಟೆ.

ಜನ ಯಾಕೆ ನಿಂತುಬಿಡುತ್ತಾರೆ?

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಗೆ ಸಿಲುಕಿದ ಹರೀಶ್ ಎಂಬ ಯುವಕನನ್ನು ಕನ್ನಡನಾಡು ಮರೆತಿಲ್ಲ. ದೇಹ ತುಂಡಾದ ಸ್ಥಿತಿಯಲ್ಲೂ ಆತ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಆ ಬಳಿಕ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ–ಹರೀಶ್ ಯೋಜನೆ’ ತಂದಿತು. ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟ ಯೋಜನೆ ಅದು. ಮರುವರ್ಷ, 2017ರ ಫೆಬ್ರವರಿಯಲ್ಲಿ, ಕೊಪ್ಪಳದಲ್ಲಿ ಬಸ್ಸಿಗೆ ಸಿಲುಕಿದ ಸೈಕಲ್ ಸವಾರ ಹುಡುಗನೊಬ್ಬ ರಸ್ತೆಯಲ್ಲಿ ರಕ್ತ ಸುರಿಸುತ್ತ ಸಹಾಯ ಬೇಡುತ್ತಿದ್ದ. ಸುತ್ತಲಿದ್ದವರು ಚಿತ್ರ ತೆಗೆಯುತ್ತಿದ್ದರು. ಆ ಹುಡುಗ ಉಳಿಯಲಿಲ್ಲ.

ಇದನ್ನು ‘ಮಾನವೀಯತೆ ಸತ್ತಿದೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಶಿಕ್ಷಕರಾದ ನಮಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಆ ತಿರುವಿನಲ್ಲಿ ನಿಂತಿದ್ದ ನನ್ನಲ್ಲಿ ಕರುಣೆ ಇರಲಿಲ್ಲವೆಂದಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ ಕಾರಣಗಳು ಮೂರು. ಮೂರನ್ನೂ ತರಗತಿಯಲ್ಲಿ ಬಿಡಿಸಬಹುದು.

ಮೊದಲನೆಯದು ಗುಂಪು. 1968ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಒಂದು ಪ್ರಯೋಗ ನಡೆಸಿದರು. ಪಕ್ಕದ ಕೋಣೆಯಲ್ಲಿರುವ ವ್ಯಕ್ತಿಗೆ ಮೂರ್ಛೆ ಬಂದಂತೆ ಕೇಳಿಸಿದಾಗ, ಅದನ್ನು ತಾನೊಬ್ಬನೇ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ನಂಬಿದವರಲ್ಲಿ ಶೇ. 85ರಷ್ಟು ಜನ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಎದ್ದವರು ಶೇ. 31 ಮಾತ್ರ. ಹೊಣೆ ಹಂಚಿಹೋದರೆ ಯಾರ ಪಾಲಿಗೂ ಬರುವುದಿಲ್ಲ. ಆಶಾ ಕಾರ್ಯಕರ್ತೆ ‘ಯಾರಾದ್ರೂ ಫೋನ್ ಮಾಡಿ’ ಎನ್ನದೆ ‘ನೀನು ಮಾಡು’ ಎಂದದ್ದು ಇದಕ್ಕೆ ಸರಿಯಾದ ಮದ್ದು.

ಎರಡನೆಯದು ಕಾನೂನಿನ ಭಯ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಅಪಘಾತದಲ್ಲಿ ನೆರವಾಗುವವರ ರಕ್ಷಣೆಗೆ ಕೇಂದ್ರ ಸರ್ಕಾರ ಹೊರಡಿಸಿದ್ದ ಮಾರ್ಗಸೂಚಿಗೆ ಬಲ ಕೊಟ್ಟಿತು. ಕರ್ನಾಟಕವು ಇಂಥವರ ರಕ್ಷಣೆಗೆಂದೇ 2016ರಲ್ಲಿ ಶಾಸನ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಪ್ರಕರಣ ಸೇರಿತು. ಒಳ್ಳೆಯ ಉದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಕೈಗೊಳ್ಳುವಂತಿಲ್ಲ ಎಂದು ಅದು ಹೇಳುತ್ತದೆ. ಹೆಸರು, ವಿಳಾಸ ಕೊಡಲೇಬೇಕೆಂದು ಅವರನ್ನು ಒತ್ತಾಯಿಸುವಂತೆಯೂ ಇಲ್ಲ. ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಇದು ಸಿದ್ಧ ಪಾಠವಸ್ತು. ‘ಮುಟ್ಬೇಡಿ, ಕೇಸ್ ಆಗುತ್ತೆ’ ಎಂಬ ಮಾತಿಗೆ ಹತ್ತನೇ ತರಗತಿಯ ಮಗು ಮನೆಯಲ್ಲಿ ಉತ್ತರ ಕೊಡಬಲ್ಲದು.

ಮೂರನೆಯದು, ಏನು ಮಾಡಬೇಕೆಂದು ಕೈಗೆ ಗೊತ್ತಿಲ್ಲದಿರುವುದು. ಇದು ನೇರವಾಗಿ ನಮ್ಮ ಕ್ಷೇತ್ರ.

ಇಲ್ಲಿಗೆ ಬೇಕಾದದ್ದನ್ನು ಆರಿಸುವುದು

ಪ್ರಥಮ ಚಿಕಿತ್ಸೆಯ ಕೈಪಿಡಿಗಳು ದಪ್ಪಗಿರುತ್ತವೆ. ಎಲ್ಲವನ್ನೂ ಕಲಿಸಹೊರಟರೆ ಏನೂ ಕೈಗೆ ಹತ್ತುವುದಿಲ್ಲ. ಹಾಗಾಗಿ ‘ನಿಮ್ಮ ಮನೆ, ತೋಟ, ರಸ್ತೆಯಲ್ಲಿ ಕಳೆದ ವರ್ಷ ಯಾರಿಗೆ ಏನಾಯಿತು?’ ಎಂದು ಮಕ್ಕಳನ್ನೇ ಕೇಳಿ ಕರಿಹಲಗೆಯ ಮೇಲೆ ಪಟ್ಟಿ ಮಾಡಿದೆ. ಹಾವು ಕಡಿತ, ಬೈಕ್ ಬೀಳುವುದು, ಅಡಿಕೆ ಮರದಿಂದ ಬೀಳುವುದು, ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಗುಲುವುದು, ಕೃಷಿ ಹೊಂಡ, ಕಲ್ಲತ್ತಿಗಿರಿಯ ಜಾರುವ ಬಂಡೆ, ಇದ್ದಕ್ಕಿದ್ದಂತೆ ಎದೆನೋವು. ಪಠ್ಯಪುಸ್ತಕದಲ್ಲಿ ಇಲ್ಲದ ಈ ಪಟ್ಟಿಯೇ ನನ್ನ ಪಾಠದ ಪೀಠಿಕೆಯಾಯಿತು. ಅದರಿಂದ ಮೂರು ಕೌಶಲಗಳನ್ನು ಆರಿಸಿದೆ.

*ರಕ್ತಸ್ರಾವ.* ಸ್ವಚ್ಛವಾದ ಬಟ್ಟೆ ಮಡಚಿ ಗಾಯದ ಮೇಲೆ ನೇರವಾಗಿ, ಗಟ್ಟಿಯಾಗಿ ಒತ್ತಬೇಕು. ಕೈಗೆ ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಆದರೂ ಇರಲಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬಾರದು. ನೋಡಿದಷ್ಟು ಸಲ ಹೆಪ್ಪು ಒಡೆಯುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಟ್ಟು ಇನ್ನೂ ಬಲವಾಗಿ ಒತ್ತಬೇಕು. ಕಾಫಿಪುಡಿ, ಅರಿಶಿನ ಹಾಕಬಾರದು. ಗಾಯಕ್ಕೆ ಸೋಂಕು ತಗುಲಬಹುದು, ವೈದ್ಯರಿಗೆ ತೊಳೆಯುವ ಕೆಲಸವೂ ಹೆಚ್ಚುತ್ತದೆ. ಚುಚ್ಚಿಕೊಂಡ ವಸ್ತುವನ್ನು ಕೀಳದೆ ಅದರ ಸುತ್ತ ಒತ್ತಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ, ಪ್ರಜ್ಞೆ ತಪ್ಪಿದರೆ ನೀರು ಶ್ವಾಸನಾಳಕ್ಕೆ ಹೋಗುವುದರಿಂದ, ಏನನ್ನೂ ಕುಡಿಸಬಾರದು. ಮರದಿಂದ ಅಥವಾ ಬೈಕಿನಿಂದ ಬಿದ್ದವರನ್ನು ಎತ್ತಿ ಕೂರಿಸಬಾರದು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ನಮ್ಮ ಉಪಕಾರವೇ ಅವರನ್ನು ಜೀವನಪೂರ್ತಿ ಹಾಸಿಗೆಗೆ ಕೆಡವಬಹುದು.

*ಹೃದಯ ಸ್ತಂಭನ.* ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ‘ಹೃದಯಾಘಾತ’ ಎಂಬ ಪದ ನಮ್ಮ ಮಕ್ಕಳ ಬಾಯಲ್ಲೂ ಇದೆ. ಅವರ ಹೆಸರಿನಲ್ಲಿರುವ ಹೃದಯಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಹೃದಯಾಘಾತವನ್ನು ಗುರುತಿಸಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಉದ್ದೇಶದ್ದು. ಇಲ್ಲಿ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿ ಕಲಿಸಬೇಕು. ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ. ವ್ಯಕ್ತಿ ಎಚ್ಚರವಾಗಿಯೇ ಇರಬಹುದು, ಅವರನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಹೃದಯ ಸ್ತಂಭನದಲ್ಲಿ ಪಂಪೇ ನಿಲ್ಲುತ್ತದೆ. ವ್ಯಕ್ತಿ ಕುಸಿಯುತ್ತಾರೆ, ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬರುವ ಏದುಸಿರು ಉಸಿರಾಟವಲ್ಲ. ಸಿ.ಪಿ.ಆರ್. ಬೇಕಾದದ್ದು ಈ ಎರಡನೆಯವರಿಗೆ.

ಭುಜ ತಟ್ಟಿ ಕರೆಯುವುದು, ಹತ್ತು ಸೆಕೆಂಡಿನೊಳಗೆ ಉಸಿರು ನೋಡುವುದು, ಒಬ್ಬರನ್ನು ತೋರಿಸಿ 108ಕ್ಕೆ ಫೋನ್ ಮಾಡಿಸುವುದು, ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಅಂಗೈಯ ಬುಡವಿಟ್ಟು, ಮೊಣಕೈ ಮಡಚದೆ ಒತ್ತುವುದು. ವಯಸ್ಕರಿಗೆ ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಮೇಲೆ ಬಂದಾಗಲೇ ಹೃದಯ ತುಂಬುವುದು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಬೇಕು, ದಣಿದ ಕೈಯ ಒತ್ತು ಆಳ ಕಳೆದುಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಕುಸಿದ ವಯಸ್ಕರಿಗೆ ಸಾಮಾನ್ಯ ಜನ ಇಷ್ಟು ಮಾಡಿದರೆ ಸಾಕು. ನೀರಿನಲ್ಲಿ ಮುಳುಗಿದವರಿಗೆ ಮತ್ತು ಚಿಕ್ಕ ಮಕ್ಕಳಿಗೆ ಬಾಯುಸಿರೂ ಬೇಕು, ಅದನ್ನು ತರಬೇತಿ ಪಡೆದವರಿಂದ ಕಲಿಯಬೇಕು. ವಿದ್ಯುತ್ ತಗುಲಿದ್ದರೆ ಮೊದಲು ಮೇನ್ ಆಫ್ ಮಾಡಬೇಕು. ಆಮೇಲಷ್ಟೇ ಮುಟ್ಟಬೇಕು.

*ಹಾವು ಕಡಿತ.* 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತರೆಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇಲ್ಲಿ ಪ್ರಥಮ ಚಿಕಿತ್ಸೆಯೆಂದರೆ ಬಹುಪಾಲು ‘ಮಾಡದಿರುವುದು’. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು, ಹಾವನ್ನು ಹುಡುಕಿ ಕೊಲ್ಲಲು ಹೊತ್ತು ಕಳೆಯಬಾರದು. ಕಟ್ಟು ಹಾಕಿದರೆ ಕೈಕಾಲಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಕೊಳಕುಮಂಡಲದ ವಿಷ ಅದೇ ಜಾಗವನ್ನು ಇನ್ನಷ್ಟು ಕೊಳೆಸುತ್ತದೆ. ಮಾಡಬೇಕಾದದ್ದು ಇಷ್ಟೆ: ಧೈರ್ಯ ಹೇಳುವುದು, ಊದಿಕೊಳ್ಳುವ ಮೊದಲೇ ಬಳೆ, ಉಂಗುರ, ಕಾಲುಂಗುರ ತೆಗೆಯುವುದು, ಮೂಳೆ ಮುರಿದಾಗ ಮಾಡುವಂತೆ ಆ ಅಂಗಕ್ಕೆ ಕೋಲಿನ ಆಸರೆ ಕೊಟ್ಟು ಅಲುಗದಂತೆ ಇಡುವುದು, ನಡೆಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯುವುದು.

ಹೇಗೆ ಕಲಿಸಿದೆ

ಮೊದಲು ನಾನು ಕಲಿತೆ. ರೆಡ್‌ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ. ಅಂಥ ಒಂದು ದಿನದ ತರಬೇತಿಯಲ್ಲಿ ಬೊಂಬೆಯ ಎದೆ ಒತ್ತಿದಾಗಲೇ ಅದು ಎಷ್ಟು ದಣಿವಿನ ಕೆಲಸವೆಂದು ತಿಳಿದದ್ದು. ಕಲಿಯದೆ ಕಲಿಸಬಾರದು ಎಂಬ ಮಾತು ಈ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ಸಲ್ಲುತ್ತದೆ.

ನಮ್ಮ ಪಾಠಯೋಜನೆಗಳು ಹೆಚ್ಚಾಗಿ ಜ್ಞಾನಾತ್ಮಕ ವಲಯದಲ್ಲೇ ನಿಂತುಬಿಡುತ್ತವೆ: ‘ವಿದ್ಯಾರ್ಥಿಯು ಸ್ಮರಿಸುವನು, ವಿವರಿಸುವನು’. ಮನೋಚಾಲಕ ವಲಯಕ್ಕೆ ಆರ್.ಎಚ್. ದವೆ ಅವರು ಕೊಟ್ಟ ಹಂತಗಳನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತೇವೆ. ಅನುಕರಣೆಯಿಂದ ಆರಂಭಿಸಿ, ನಿರ್ವಹಣೆ, ನಿಖರತೆ, ಸಂಯೋಜನೆಗಳನ್ನು ದಾಟಿ ಸಹಜೀಕರಣಕ್ಕೆ ತಲುಪುವ ಹಂತಗಳವು. ಅವು ನನಗೆ ಮೊದಲ ಬಾರಿ ಉಪಯೋಗಕ್ಕೆ ಬಂದದ್ದು ಈ ಪಾಠದಲ್ಲಿ. ವೈದ್ಯಕೀಯ ಶಿಕ್ಷಣದಲ್ಲಿ ಬಳಸುವ, ಶಸ್ತ್ರವೈದ್ಯ ರಾಡ್ನಿ ಪೇಟನ್ 1998ರಲ್ಲಿ ಮಂಡಿಸಿದ ನಾಲ್ಕು ಹೆಜ್ಜೆಗಳ ಕ್ರಮವನ್ನು ಅನುಸರಿಸಿದೆ:

1. ಶಿಕ್ಷಕಿ ಮಾತಿಲ್ಲದೆ, ನಿಜದ ವೇಗದಲ್ಲಿ ಮಾಡಿ ತೋರಿಸುವುದು.
2. ಪ್ರತಿ ಹೆಜ್ಜೆಯನ್ನೂ ವಿವರಿಸುತ್ತ ನಿಧಾನವಾಗಿ ಮಾಡುವುದು.
3. ವಿದ್ಯಾರ್ಥಿ ಹೆಜ್ಜೆಗಳನ್ನು ಹೇಳುವುದು, ಅದರಂತೆ ಶಿಕ್ಷಕಿ ಮಾಡುವುದು.
4. ವಿದ್ಯಾರ್ಥಿ ತಾನೇ ಹೇಳುತ್ತ ಮಾಡುವುದು.

ಮೂರನೆಯ ಹೆಜ್ಜೆಯನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಅಲ್ಲಿಯೇ ಮಕ್ಕಳ ತಪ್ಪು ತಿಳಿವಳಿಕೆ ಹೊರಬೀಳುವುದು. ‘ಮೊದಲು ನೀರು ಚಿಮುಕಿಸಿ ಮಿಸ್’ ಎಂದು ಒಬ್ಬ, ‘ಹೊಟ್ಟೆ ಒತ್ತಿ ಮಿಸ್’ ಎಂದು ಇನ್ನೊಬ್ಬಳು ಹೇಳಿದ್ದು ಅಲ್ಲೇ.

ಉಪಕರಣಕ್ಕೆ ಖರ್ಚಾಗಲಿಲ್ಲ. ಹಳೆಯ ಅಂಗಿಗೆ ಬಟ್ಟೆ ತುರುಕಿ, ಎದೆಯ ಜಾಗದಲ್ಲಿ ಮುಚ್ಚಳ ಬಿಗಿದ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಇಟ್ಟು ಹೊಲಿದೆವು. ಸಾಕಷ್ಟು ಒತ್ತಿದರೆ ಬಾಟಲಿ ‘ಟಕ್’ ಎನ್ನುತ್ತದೆ. ಬಿಟ್ಟರೆ ಮೇಲೇಳುತ್ತದೆ. ಮೂವತ್ತು ಒತ್ತುಗಳಿಗೆ ಗಡಿಯಾರದಲ್ಲಿ 15ರಿಂದ 18 ಸೆಕೆಂಡ್ ಆಗಬೇಕು. ಒಬ್ಬರು ಒತ್ತುವುದು, ಒಬ್ಬರು ಎಣಿಸುವುದು, ಒಬ್ಬರು ಗಡಿಯಾರ ನೋಡುವುದು. ಒಂದು ಎಚ್ಚರಿಕೆ ಮರೆಯಬಾರದು: ಜೀವಂತ ಮನುಷ್ಯರ ಎದೆಯ ಮೇಲೆ ಅಭ್ಯಾಸ ಮಾಡಿಸಲೇಬಾರದು. ರಕ್ತಸ್ರಾವಕ್ಕೆ, ಬಾಟಲಿಗೆ ತೂತು ಕೊರೆದು ಕುಂಕುಮದ ನೀರು ತುಂಬಿದೆವು. ಒಂದು ನಿಮಿಷ ಹಾಗೇ ಬಿಟ್ಟಾಗ ಕೆಳಗಿನ ಲೋಟ ತುಂಬಿತು. ಮಡಚಿದ ಬಟ್ಟೆಯಿಂದ ಒತ್ತಿ ಹಿಡಿದಾಗ ತಳವೂ ಮುಚ್ಚಲಿಲ್ಲ. ಆ ಎರಡು ಲೋಟಗಳನ್ನು ಪಕ್ಕಪಕ್ಕ ಇಟ್ಟ ಮೇಲೆ ನಾನು ವಿವರಿಸುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಎಡವಿದ ಜಾಗಗಳು

ಹಾವು ಕಡಿತದ ಪಾಠದಲ್ಲಿ ಒಬ್ಬ ಹುಡುಗ ಎದ್ದು, “ನಮ್ಮಜ್ಜ ಕಟ್ಟು ಹಾಕಿ ಸೊಪ್ಪಿನ ರಸ ಕೊಡ್ತಾರೆ ಮಿಸ್, ಎಷ್ಟೋ ಜನ ಉಳ್ದಿದಾರೆ” ಎಂದ. ತರಗತಿ ನನ್ನ ಮುಖ ನೋಡಿತು. ‘ಅದು ಮೂಢನಂಬಿಕೆ’ ಎಂದಿದ್ದರೆ ಆ ಹುಡುಗನನ್ನೂ ಅವನ ಮನೆಯನ್ನೂ ಕಳೆದುಕೊಳ್ಳುತ್ತಿದ್ದೆ. ಬಹಳಷ್ಟು ಹಾವುಗಳಿಗೆ ವಿಷವಿಲ್ಲ, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಡಿಯುತ್ತದೆ, ಅಂಥವರು ಏನು ಮಾಡದಿದ್ದರೂ ಉಳಿಯುತ್ತಾರೆ ಎಂದು ವಿವರಿಸಿದೆ. “ಯಾವುದು ವಿಷದ ಕಡಿತ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಅಜ್ಜನ ಮಾತನ್ನು ಊರು ಕೇಳುತ್ತದೆ. ಅವರೇ ‘ಮೊದಲು ಆಸ್ಪತ್ರೆಗೆ ಹೋಗಿ’ ಎಂದರೆ ಎಷ್ಟು ಜನ ಉಳಿಯಬಹುದು?” ಎಂದೆ. ಸೋಮವಾರ ಅವನು ಬಂದು ಹೇಳಿದ: “ಅಜ್ಜ ಒಪ್ಲಿಲ್ಲ ಮಿಸ್. ಆದ್ರೆ ಆಸ್ಪತ್ರೆ ಫೋನ್ ನಂಬರ್ ಗೋಡೆ ಮೇಲೆ ಬರ್ಸ್ಕೊಂಡ್ರು.” ಒಂದು ಪಾಠಕ್ಕೆ ಅಷ್ಟು ಸಾಕು.

ಇನ್ನೊಂದು ಕಡೆ ನಾನು ಸಿದ್ಧಳಾಗಿರಲಿಲ್ಲ. ಸಿ.ಪಿ.ಆರ್. ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಕೋಣೆಯಲ್ಲೇ ಉಳಿದಳು. ಹಿಂದಿನ ವರ್ಷ ಅವಳ ತಂದೆ ತೋಟದಲ್ಲಿ ಕುಸಿದು ತೀರಿಕೊಂಡಿದ್ದರಂತೆ. “ಆವತ್ತು ನಮಗೆ ಇದು ಗೊತ್ತಿದ್ದಿದ್ರೆ ಅಪ್ಪ ಉಳೀತಿದ್ರಾ ಮಿಸ್?” ಎಂದು ಕೇಳಿದಳು. ಹೌದೆಂದರೆ ಆ ಸಾವಿನ ಹೊಣೆಯನ್ನು ಒಂದು ಮಗುವಿನ ತಲೆಗೆ ಕಟ್ಟಿದಂತೆ. ಇಲ್ಲವೆಂದರೆ ನಾನು ಅಷ್ಟು ಹೊತ್ತು ಕಲಿಸಿದ್ದು ಸುಳ್ಳಾಗುತ್ತದೆ. ಡೆನ್ಮಾರ್ಕಿನ ಅಂಕಿಯೇ ನೆನಪಿಗೆ ಬಂತು. “ಎಲ್ಲ ಕಲಿತ ದೇಶದಲ್ಲೂ ನೂರರಲ್ಲಿ ಹತ್ತು ಹನ್ನೊಂದು ಜನ ಉಳಿದರು ಅಷ್ಟೆ. ಅಪ್ಪ ಉಳಿಯುತ್ತಿದ್ದರೋ ಇಲ್ಲವೋ ಯಾರಿಗೂ ಹೇಳಲಾಗುವುದಿಲ್ಲ. ಗೊತ್ತಿಲ್ಲದೇ ಇದ್ದದ್ದು ನಿಮ್ಮ ತಪ್ಪಲ್ಲ, ನಿಮಗೆ ಯಾರೂ ಕಲಿಸಿರಲಿಲ್ಲ” ಎಂದೆ. ಅವಳು ತಲೆಯಾಡಿಸಿದಳು. ಸಮಾಧಾನವಾಯಿತೋ ಇಲ್ಲವೋ ತಿಳಿಯದು. ಮರುದಿನ ಬೊಂಬೆಯ ಮುಂದಿನ ಸಾಲಿನಲ್ಲಿ ಅವಳೇ ಮೊದಲು ನಿಂತಿದ್ದಳು. ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ತರಗತಿ ಶಿಕ್ಷಕರನ್ನು ಕೇಳಿ, ಇಂಥ ನೋವುಂಡ ಮಕ್ಕಳು ಇದ್ದಾರೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕು. ಅವರೊಂದಿಗೆ ಮುಂಚಿತವಾಗಿ ಮಾತಾಡಬೇಕು. ನಾನು ಅದನ್ನು ಮಾಡಿರಲಿಲ್ಲ.

ಮೌಲ್ಯಮಾಪನ ಕಲಿಸಿದ ಪಾಠ

ಪಾಠದ ಕೊನೆಯಲ್ಲಿ ಬರೆಸಿದ ಕಿರುಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಚೆನ್ನಾಗಿ ಬರೆದರು. ಮೂರು ವಾರದ ಮೇಲೆ, ಮುನ್ಸೂಚನೆ ಇಲ್ಲದೆ, ಬೊಂಬೆಯನ್ನು ಆಟದ ಮೈದಾನದಲ್ಲಿ ಮಲಗಿಸಿ “ಇವರು ಕುಸಿದು ಬಿದ್ದರು” ಎಂದೆ. ಅರ್ಧದಷ್ಟು ಗುಂಪುಗಳು 108ಕ್ಕೆ ಫೋನ್ ಮಾಡಿಸುವುದನ್ನೇ ಮರೆತವು. ಹಲವರ ಒತ್ತು ಮೇಲುಮೇಲಿತ್ತು, ಬಾಟಲಿ ಸದ್ದು ಮಾಡಲಿಲ್ಲ. ನೂರಕ್ಕೆ ತೊಂಬತ್ತು ಅಂಕ ಪಡೆದಿದ್ದ ಹುಡುಗ ನನ್ನಂತೆಯೇ ಸುಮ್ಮನೆ ನಿಂತಿದ್ದ. ಬರೆಯುವುದರಲ್ಲಿ ಹಿಂದಿದ್ದ ಇಬ್ಬರು ಮಂಡಿಯೂರಿ ಕೂತು, ಎಣಿಸುತ್ತ, ಸರಿಯಾದ ವೇಗದಲ್ಲಿ ಒತ್ತಿದರು.

ಇದರಿಂದ ಎರಡು ವಿಷಯ ತಿಳಿಯಿತು. ಕೌಶಲವನ್ನು ಬರಹದಿಂದ ಅಳೆಯಬಾರದು. ‘ಕರೆದು ನೋಡಿದನೇ, ಉಸಿರು ನೋಡಿದನೇ, ಒಬ್ಬರನ್ನು ಹೆಸರಿಸಿ ಫೋನ್ ಮಾಡಿಸಿದನೇ, ಕೈ ಸರಿಯಾದ ಜಾಗದಲ್ಲಿತ್ತೇ, ಆಳ, ವೇಗ, ಎದೆ ಮೇಲೇಳಲು ಬಿಟ್ಟನೇ’ ಎಂಬ ಏಳು ಅಂಶಗಳ ತಪಶೀಲು ಪಟ್ಟಿ ಹಿಡಿದು ನೋಡಬೇಕು. ಎರಡನೆಯದು, ಒಮ್ಮೆ ಕಲಿತ ಕೈ ಬೇಗ ಮರೆಯುತ್ತದೆ. ಅದಕ್ಕೆ ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮಕ್ಕಿಂತ ತಿಂಗಳಿಗೊಮ್ಮೆ ಹತ್ತು ನಿಮಿಷದ ಪುನರಾವರ್ತನೆ ಮೇಲು. ಪ್ರಾರ್ಥನೆಯ ನಂತರ ಒಂದೊಂದು ಗುಂಪು ಮಾಡಿ ತೋರಿಸಬಹುದು. ಜೂನಿಯರ್ ರೆಡ್‌ಕ್ರಾಸ್, ಸ್ಕೌಟ್ಸ್ ಮತ್ತು ಗೈಡ್ಸ್ ಘಟಕ ಇರುವ ಶಾಲೆಗಳಲ್ಲಿ ಇದು ಇನ್ನೂ ಸುಲಭ.

ನಮ್ಮ ಕಾಲೇಜುಗಳಿಗೆ ಒಂದು ಕೋರಿಕೆ

ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ನಾವು ಪೀಠಿಕೆ ಹಾಕುವುದನ್ನು, ಪ್ರಶ್ನೆ ಕೇಳುವುದನ್ನು, ಕರಿಹಲಗೆ ಬಳಸುವುದನ್ನು ಸೂಕ್ಷ್ಮ ಬೋಧನೆಯಲ್ಲಿ ಒಂದೊಂದಾಗಿ ತಿದ್ದಿಕೊಳ್ಳುತ್ತೇವೆ. ಆರು ನಿಮಿಷ ಪಾಠ, ಹಿಮ್ಮಾಹಿತಿ, ಮತ್ತೆ ಆರು ನಿಮಿಷ ಪಾಠ. ಎದೆ ಒತ್ತುವುದಕ್ಕೂ ಗಾಯ ಒತ್ತುವುದಕ್ಕೂ ಈ ಕ್ರಮ ಅಚ್ಚಾಗಿ ಹೊಂದುತ್ತದೆ. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಗೂ ಶಾಲೆಗೆ ಹೋಗುವ ಮುನ್ನ ಒಂದು ದಿನದ ಪ್ರಥಮ ಚಿಕಿತ್ಸಾ ತರಬೇತಿ ಆಗಿರಬೇಕು, ಮತ್ತು ಸೂಕ್ಷ್ಮ ಬೋಧನೆಯ ಕೌಶಲಗಳ ಪಟ್ಟಿಗೆ ಇದನ್ನೂ ಸೇರಿಸಬೇಕು ಎಂಬುದು ನನ್ನ ಕೋರಿಕೆ. 2022ರಲ್ಲಿ ದೇಶದ ರಸ್ತೆಗಳಲ್ಲೇ 1,68,491 ಜನ ಸತ್ತರು. ಅವರೆಲ್ಲರ ಸುತ್ತಲೂ ಯಾರೋ ನಿಂತಿದ್ದರು. ಹಾಗೆ ನಿಂತವರಲ್ಲಿ ಬಹುತೇಕರು ಯಾವುದೋ ಶಾಲೆಯಲ್ಲಿ, ಯಾವುದೋ ಶಿಕ್ಷಕರ ಮುಂದೆ ವರ್ಷಗಟ್ಟಲೆ ಕುಳಿತು ಬಂದವರೇ.

ಕೊನೆಯ ಅವಧಿಗೆ ಆ ಆಶಾ ಕಾರ್ಯಕರ್ತೆಯನ್ನು ಶಾಲೆಗೆ ಕರೆದಿದ್ದೆ. ಮಕ್ಕಳು ಭಾಷಣಕ್ಕೆ ಕಾದು ಕೂತರು. ಅವರು ಭಾಷಣ ಮಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು, “ಒಬ್ಬೊಬ್ರೇ ಬನ್ನಿ, ಮಾಡಿ ತೋರ್ಸಿ” ಎಂದರು.